ಟಿವಿ ರೆಕಾರ್ಡರ್ ಮನೆ ನೆಟ್‌ವರ್ಕಿಗೆ ಸೇರಿದೆ, ಆದರೂ ಮಹಡಿ ಮೇಲಿನ ಲ್ಯಾಪ್‌ಟಾಪಿಗೆ ಕಾಣುತ್ತಿಲ್ಲ

ಕಾವೇರಿ ರೀಡಿಂಗ್

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ರೀಡಿಂಗ್‌ನಲ್ಲಿ. ಹಾಲ್‌ನಲ್ಲಿ ಟಿವಿ ಕೆಳಗೆ ಹ್ಯೂಮ್ಯಾಕ್ಸ್ ಎಚ್‌ಡಿಆರ್ ಫಾಕ್ಸ್ ಟಿ2 ರೆಕಾರ್ಡರ್ ಇದೆ, 500 ಜಿಬಿಯದು. ಸೂರಿನ ಮೇಲಿನ ಆಂಟೆನಾದಿಂದ ಬರುವ ಫ್ರೀವ್ಯೂ, ಅಂದರೆ ಇಲ್ಲಿನ ಪುಕ್ಕಟೆ ಟಿವಿ ಚಾನೆಲ್‌ಗಳನ್ನು ತನ್ನ ಡಿಸ್ಕಿಗೆ ರೆಕಾರ್ಡ್ ಮಾಡಿಕೊಳ್ಳುತ್ತದೆ. ಹಳೆಯದು, ಆದರೆ ಇವತ್ತಿಗೂ ಚೆನ್ನಾಗಿ ನಡೀತಾ ಇದೆ, ಬದಲಾಯಿಸುವ ಮನಸ್ಸಿಲ್ಲ. ಸಂಜೆ ಆದರೆ ಹಾಲ್‌ನ ಟಿವಿ ಮಕ್ಕಳದ್ದು. ಹಾಗಾಗಿ ರೆಕಾರ್ಡ್ ಆದದ್ದನ್ನು ಮಹಡಿ ಮೇಲೆ ನನ್ನ ಲ್ಯಾಪ್‌ಟಾಪಿನಲ್ಲಿ ನೋಡಬೇಕು ಅನ್ನೋದು ಆಸೆ.

ಈಗಿರುವ ಜೋಡಣೆ ಹೀಗಿದೆ. ಬ್ರಾಡ್‌ಬ್ಯಾಂಡ್ ರೂಟರ್ ಬಾಗಿಲ ಹತ್ತಿರ, ಮೆಟ್ಟಿಲ ಕೆಳಗಿದೆ. ಅಲ್ಲಿಂದ ಟಿವಿ ತನಕ ಗೋಡೆ ಕೊರೆಯುವುದು ಬೇಡ ಅಂತ ಕರೆಂಟ್ ವೈರಿನ ಮೂಲಕವೇ ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಜೋಡಿ ತಂದು, ಒಂದನ್ನು ರೂಟರ್ ಹತ್ತಿರ, ಇನ್ನೊಂದನ್ನು ಟಿವಿ ಹತ್ತಿರ ಹಾಕಿದ್ದೇವೆ. ಮಹಡಿ ಮೇಲೆ ವೈಫೈ ತುಂಬಾ ವೀಕ್ ಇತ್ತು. ನಮ್ಮ ಮನೆಯವರು ಹಳೆ ರೂಟರ್ ಒಂದನ್ನು ಮೇಲೆ ಇಟ್ಟು, ಕೆಳಗಿನ ರೂಟರಿನಿಂದ ಅದಕ್ಕೊಂದು ಕೇಬಲ್ ಎಳೆದಿದ್ದಾರೆ. ಲ್ಯಾಪ್‌ಟಾಪ್ ಆ ಮೇಲಿನ ರೂಟರಿನ ವೈಫೈನಲ್ಲಿದೆ. ಇಂಟರ್ನೆಟ್ ಎಲ್ಲ ಕಡೆ ಬರುತ್ತಿದೆ, ಅದರಲ್ಲಿ ತೊಂದರೆ ಇಲ್ಲ.

ರೆಕಾರ್ಡರಿನ ಮೆನುವಿನಲ್ಲಿ ಇಂಟರ್ನೆಟ್ ಸೆಟ್ಟಿಂಗ್‌ಗೆ ಹೋಗಿ ಕಂಟೆಂಟ್ ಶೇರ್ ಆನ್ ಮಾಡಿದ್ದೇನೆ, ಫೈಲ್ ಇಳಿಸಿಕೊಳ್ಳಲು ಬೇಕಾದ ಎಫ್‌ಟಿಪಿ ಸರ್ವರ್ ಸಹ ಆನ್ ಮಾಡಿದ್ದೇನೆ. ರೆಕಾರ್ಡರ್ ತೋರಿಸುವ ಐಪಿ ವಿಳಾಸ 192.168.1.23. ಲ್ಯಾಪ್‌ಟಾಪಿನದು 192.168.0.104. ಲ್ಯಾಪ್‌ಟಾಪಿನಿಂದ ಪಿಂಗ್ ಮಾಡಿದರೆ, ಅಂದರೆ ಇದ್ದೀಯಾ ಅಂತ ಕೇಳುವ ಸಣ್ಣ ಸಂದೇಶ ಕಳಿಸಿದರೆ, ರೆಕಾರ್ಡರ್ ಉತ್ತರ ಕೊಡುತ್ತದೆ. ಆದರೆ ವಿಡಿಯೋ ನೋಡುವ ವಿಎಲ್‌ಸಿ ಪ್ರೋಗ್ರಾಂ ತೆರೆದು ಲೋಕಲ್ ನೆಟ್‌ವರ್ಕ್ ಕೆಳಗೆ ನೋಡಿದರೆ ಪಟ್ಟಿ ಖಾಲಿ. ಇದು ಹೇಗೆ ಸಾಧ್ಯ? ಪಿಂಗ್ ಹೋಗುತ್ತದೆ ಅಂದಮೇಲೆ ಎರಡೂ ಒಂದನ್ನೊಂದು ನೋಡುತ್ತಿವೆ ಅಂತ ತಾನೇ ಅರ್ಥ?

ಇನ್ನೊಂದು ವಿಷಯ. ಎಫ್‌ಟಿಪಿಯಲ್ಲಿ ಒಳಗೆ ಹೋಗಲು ಆಗುತ್ತಿದೆ. ಒಂದು ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಹೆಸರು, ಸೈಜ್ ಎಲ್ಲ ಸರಿ ಇದೆ, ಆದರೆ ವಿಎಲ್‌ಸಿಯಲ್ಲಿ ಪ್ಲೇ ಆಗುವುದೇ ಇಲ್ಲ. ಅದು 2019ರದು. ಮಗಳ ಶಾಲೆಯ ಮಕ್ಕಳು ಹಾಡಿದ್ದು ಬಿಬಿಸಿಯ ಲೋಕಲ್ ನ್ಯೂಸ್‌ನಲ್ಲಿ ಬಂದಿತ್ತು, ಅದರ ರೆಕಾರ್ಡಿಂಗ್. ಬಹುಶಃ ಎಚ್‌ಡಿ ಇರಬೇಕು. ಇದೊಂದನ್ನಾದರೂ ಡಿಸ್ಕ್ ಕೈಕೊಡುವ ಮೊದಲು ಹೊರಗೆ ತೆಗೆದು ಇಟ್ಟುಕೊಳ್ಳಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

ತಂತಿಮನೆ

ಕಾವೇರಿಯವರೇ, ಐಪಿ ವಿಳಾಸಗಳನ್ನು ಬರೆದು ಒಳ್ಳೆಯ ಕೆಲಸ ಮಾಡಿದಿರಿ, ಉತ್ತರ ಅದರಲ್ಲೇ ಇದೆ. ನಾನು ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸ ಮಾಡುವವನು. ನಿಮ್ಮ ಬಾಕ್ಸನ್ನು ನೋಡಿಲ್ಲ. ಆದರೆ ಮೊದಲನೇ ತೊಂದರೆ ಬಾಕ್ಸಿನದಲ್ಲ.

ಎರಡೂ ವಿಳಾಸಗಳಲ್ಲಿ ಚುಕ್ಕೆಗಳ ನಡುವಿನ ಮೂರನೇ ಸಂಖ್ಯೆ ನೋಡಿ. ರೆಕಾರ್ಡರಿನದು 1, ಲ್ಯಾಪ್‌ಟಾಪಿನದು 0. ಅಂದರೆ ನಿಮ್ಮ ಮನೆಯಲ್ಲಿ ಒಂದಲ್ಲ, ಎರಡು ನೆಟ್‌ವರ್ಕ್ ಇವೆ. ಕೆಳಗಿನ ರೂಟರ್ ಒಂದನ್ನು ನಡೆಸುತ್ತಿದೆ. ಮೇಲಿನ ಹಳೆ ರೂಟರ್ ತನ್ನದೇ ಬೇರೆ ನೆಟ್‌ವರ್ಕ್ ಮಾಡಿಕೊಂಡು, ಕೆಳಗಿನದನ್ನು ಇಂಟರ್ನೆಟ್ ಅಂತ ತಿಳಿದುಕೊಂಡಿದೆ. ಕೆಳಗಿನಿಂದ ಬಂದ ಕೇಬಲ್ಲನ್ನು ಮೇಲಿನ ರೂಟರಿನ ವ್ಯಾನ್, ಅಂದರೆ ಇಂಟರ್ನೆಟ್ ಒಳಬರುವ ಪೋರ್ಟಿಗೆ ಚುಚ್ಚಿದ್ದಾರೆ ಅಲ್ವಾ? ಅದು ಬೇರೆ ಬಣ್ಣದಲ್ಲಿರುತ್ತದೆ, ಉಳಿದ ನಾಲ್ಕರಿಂದ ಸ್ವಲ್ಪ ದೂರ ಇರುತ್ತದೆ, ನೋಡಿ.

ಪಿಂಗ್ ಯಾಕೆ ಹೋಗುತ್ತದೆ, ಪಟ್ಟಿ ಯಾಕೆ ಖಾಲಿ ಅನ್ನೋದು ಎಲ್ಲರನ್ನೂ ಗೊಂದಲಕ್ಕೆ ಹಾಕುವ ಜಾಗ, ಅದಕ್ಕೇ ಬಿಡಿಸಿ ಹೇಳುತ್ತೇನೆ. ನೀವು 192.168.1.23 ಅಂತ ವಿಳಾಸ ಹೇಳಿ ಪಿಂಗ್ ಮಾಡಿದಾಗ ಮೇಲಿನ ರೂಟರ್ ಅದನ್ನು ಗೂಗಲ್‌ಗೆ ಕಳಿಸುವಂತೆಯೇ ಹೊರಗೆ ಕಳಿಸುತ್ತದೆ, ಹೊರಗೆ ಅಂದರೆ ಕೆಳಗಿನ ನೆಟ್‌ವರ್ಕ್, ಅಲ್ಲೇ ರೆಕಾರ್ಡರ್ ಸಿಗುತ್ತದೆ, ಉತ್ತರ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಎಫ್‌ಟಿಪಿ ನಡೆದದ್ದೂ ಇದೇ ಕಾರಣಕ್ಕೆ. ವಿಎಲ್‌ಸಿ ಮಾಡುವುದು ಇದಲ್ಲ. ಅದಕ್ಕೆ ರೆಕಾರ್ಡರಿನ ವಿಳಾಸವೇ ಗೊತ್ತಿಲ್ಲ. ಇಲ್ಲಿ ಯಾರಾದರೂ ಮೀಡಿಯಾ ಸರ್ವರ್ ಇದ್ದೀರಾ ಅಂತ 239.255.255.250 ಅನ್ನುವ ಮಲ್ಟಿಕಾಸ್ಟ್ ವಿಳಾಸಕ್ಕೆ, ಯುಡಿಪಿ 1900ನೇ ಪೋರ್ಟಿಗೆ, ಒಂದು ಸಂದೇಶ ಬಿಡುತ್ತದೆ. ಬೀದಿಯಲ್ಲಿ ನಿಂತು ಕೂಗಿದ ಹಾಗೆ ಅದು, ಆ ಬೀದಿಯವರಿಗೆ ಮಾತ್ರ ಕೇಳುತ್ತದೆ. ಮನೆ ರೂಟರ್‌ಗಳು ಅದನ್ನು ಆಚೆ ದಾಟಿಸುವುದಿಲ್ಲ. ಡಿಎಲ್‌ಎನ್‌ಎ, ಅಂದರೆ ಮನೆ ನೆಟ್‌ವರ್ಕಿನಲ್ಲಿ ವಿಡಿಯೋ ಹಂಚಿಕೊಳ್ಳುವ ಪದ್ಧತಿಯ ಸಾಧನಗಳು ಒಂದನ್ನೊಂದು ಹುಡುಕುವುದು ಈ ಒಂದೇ ವಿಧಾನದಲ್ಲಿ. ಅದಕ್ಕೇ ಎರಡೂ ಒಂದೇ ನೆಟ್‌ವರ್ಕಿನಲ್ಲಿ ಇರಲೇಬೇಕು.

ಸರಿ ಮಾಡುವುದು ಕಷ್ಟವಿಲ್ಲ, ಆದರೆ ಕ್ರಮ ತಪ್ಪಬಾರದು. ಮೇಲಿನ ರೂಟರಿನ ಸೆಟ್ಟಿಂಗ್ ಪೇಜಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಬೇರೆ ನೆಟ್‌ವರ್ಕ್ ಮಾಡದೆ ವೈಫೈ ಮಾತ್ರ ಕೊಡುವುದು) ಅಂತ ಇದ್ದರೆ ಅದನ್ನು ಆರಿಸಿ ಸೇವ್ ಮಾಡಿ, ಕೆಲಸ ಮುಗಿಯಿತು. ಹಳೆ ರೂಟರ್ ಅಂದಿರಿ, ಆ ಮೋಡ್ ಇರದೇ ಇರಬಹುದು. ಇಲ್ಲದಿದ್ದರೆ ಮೊದಲು ಮೇಲಿನ ರೂಟರಿನ ಸ್ವಂತ ವಿಳಾಸವನ್ನು 192.168.1.2 ಅಂತ ಬದಲಾಯಿಸಿ. ಕೆಳಗಿನ ರೂಟರ್ ಹಂಚುವ ವಿಳಾಸಗಳ ಗುಂಪಿನಲ್ಲಿ ಈ 2 ಇಲ್ಲ ಅಂತ ಮೊದಲೇ ನೋಡಿಕೊಳ್ಳಿ, ಇದ್ದರೆ ಗುಂಪಿನ ಹೊರಗಿನ ಬೇರೆ ಸಂಖ್ಯೆ ಕೊಡಿ. ಆಮೇಲೆ ವಿಳಾಸ ಹಂಚುವ ಅದರ ಡಿಎಚ್‌ಸಿಪಿ ಸರ್ವರನ್ನು ಆಫ್ ಮಾಡಿ ಸೇವ್ ಮಾಡಿ. ಅದು ರೀಸ್ಟಾರ್ಟ್ ಆದ ಮೇಲೆ ಕೇಬಲ್ಲನ್ನು ವ್ಯಾನ್ ಪೋರ್ಟಿನಿಂದ ಕಿತ್ತು ಆ ಉಳಿದ ನಾಲ್ಕರಲ್ಲಿ, ಅಂದರೆ ಸಾಮಾನ್ಯ ಲ್ಯಾನ್ ಪೋರ್ಟ್‌ಗಳಲ್ಲಿ ಒಂದಕ್ಕೆ ಹಾಕಿ. ವ್ಯಾನ್ ಪೋರ್ಟ್ ಖಾಲಿ ಬಿಡಿ. ಡಿಎಚ್‌ಸಿಪಿ ಆಫ್ ಮಾಡದೆ ಕೇಬಲ್ ಬದಲಾಯಿಸಿದರೆ ಒಂದೇ ನೆಟ್‌ವರ್ಕಿನಲ್ಲಿ ಇಬ್ಬರು ವಿಳಾಸ ಹಂಚಲು ಶುರು ಮಾಡುತ್ತಾರೆ, ಆಮೇಲೆ ಯಾರಿಗೆ ಇಂಟರ್ನೆಟ್ ಬರುತ್ತದೆ, ಯಾರಿಗೆ ಬರುವುದಿಲ್ಲ ಅಂತ ಹೇಳಲು ಆಗುವುದಿಲ್ಲ.

ಇಷ್ಟಾದ ಮೇಲೆ ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ ಮತ್ತೆ ಆನ್ ಮಾಡಿ. ಅದಕ್ಕೂ 192.168.1 ಅಂತ ಶುರುವಾಗುವ ವಿಳಾಸವೇ ಬರಬೇಕು. ಆಗ ವಿಎಲ್‌ಸಿ ನೋಡಿ. ಆಗಲೂ ಖಾಲಿ ಇದ್ದರೆ ವಿಂಡೋಸ್‌ನಲ್ಲಿ ಆ ವೈಫೈ ಪಬ್ಲಿಕ್ ಅಂತ ಗುರುತಾಗಿದೆಯಾ ನೋಡಿ, ಮನೆಯದ್ದಾದ್ದರಿಂದ ಪ್ರೈವೇಟ್ ಮಾಡಿ. ಆಫೀಸಿನ ಲ್ಯಾಪ್‌ಟಾಪ್ ಆಗಿದ್ದು ವಿಪಿಎನ್ ಆನ್ ಇದ್ದರೆ ಅದೂ ಅಡ್ಡ ಬರುತ್ತದೆ. ರೂಟರಿನ ಗೆಸ್ಟ್ ವೈಫೈಗೆ ಸೇರಿಕೊಂಡಿದ್ದರೂ ಇದೇ ಕಥೆ. ಗೆಸ್ಟ್ ವೈಫೈ ಇರುವುದೇ ಬಂದವರು ಮನೆಯ ಬೇರೆ ಸಾಧನಗಳನ್ನು ನೋಡಬಾರದು ಅಂತ.

ಒಂದು ಸಲ ಎಲ್ಲ ನಡೆದ ಮೇಲೆ ಕೆಳಗಿನ ರೂಟರಿನಲ್ಲಿ ರೆಕಾರ್ಡರಿಗೆ 192.168.1.23 ಅನ್ನೇ ರಿಸರ್ವ್ ಮಾಡಿಬಿಡಿ. ನಾಳೆ ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗಿ ಮತ್ತೆ ಹುಡುಕುವ ಕೆಲಸ ಇರುವುದಿಲ್ಲ.

ಮಂಜು ಸ್ಲೌ

ಅಕ್ಕ, ನಮ್ಮ ಮನೆಯಲ್ಲೂ ಇದೇ ಬಾಕ್ಸ್. ನೆಟ್‌ವರ್ಕ್ ವಿಷಯ ತಂತಿಮನೆ ಸರ್ ಹೇಳಿದ್ದೇ ಸರಿ. ನಾನು ಬಾಕ್ಸ್ ಒಳಗಿನದ್ದು ಹೇಳುತ್ತೇನೆ, ಯಾಕಂದ್ರೆ ಎಫ್‌ಟಿಪಿ ಫೈಲ್ ಪ್ಲೇ ಆಗದ್ದಕ್ಕೂ ನೆಟ್‌ವರ್ಕಿಗೂ ಸಂಬಂಧ ಇಲ್ಲ. ನಾಳೆ ರೂಟರ್ ಸರಿ ಮಾಡಿದ ಮೇಲೂ ಆ ಫೈಲ್ ಪ್ಲೇ ಆಗುವುದಿಲ್ಲ.

ಈ ಬಾಕ್ಸ್ ಏನನ್ನೇ ರೆಕಾರ್ಡ್ ಮಾಡಲಿ, ಸಾಮಾನ್ಯ ಚಾನೆಲ್ ಇರಲಿ, ಎಚ್‌ಡಿ ಇರಲಿ, ಡಿಸ್ಕಿಗೆ ಬರೆಯುವಾಗ ಬೀಗ ಹಾಕಿಯೇ ಬರೆಯುತ್ತದೆ. ಎನ್‌ಕ್ರಿಪ್ಷನ್ ಅಂತಾರಲ್ಲ, ಅದು. ಬೀಗದ ಕೈ ಆ ಬಾಕ್ಸ್ ಹತ್ತಿರವೇ ಇರುತ್ತದೆ, ನನ್ನ ಬಾಕ್ಸಿನ ರೆಕಾರ್ಡಿಂಗ್ ನಿಮ್ಮ ಬಾಕ್ಸಿನಲ್ಲೂ ತೆರೆಯುವುದಿಲ್ಲ. ಎಫ್‌ಟಿಪಿ ಏನು ಮಾಡುತ್ತದೆ ಅಂದ್ರೆ ಡಿಸ್ಕಿನಲ್ಲಿ ಹೇಗಿದೆಯೋ ಹಾಗೇ ಎತ್ತಿ ಕೊಡುತ್ತದೆ, ಬೀಗ ಸಮೇತ. ಅದಕ್ಕೇ ಹೆಸರು, ಸೈಜ್ ಸರಿ ಇದ್ದೂ ವಿಎಲ್‌ಸಿಗೆ ಒಳಗೆ ಏನಿದೆ ಅಂತ ಅರ್ಥವಾಗುವುದಿಲ್ಲ. ಬೀಗ ತೆಗೆಯುವ ಕೆಲಸವನ್ನು ಬಾಕ್ಸ್ ಕೈಲೇ ಮಾಡಿಸಬೇಕು. ಅದು ಎರಡು ಕಡೆ ಮಾಡುತ್ತದೆ. ಕಂಟೆಂಟ್ ಶೇರ್ ಮೂಲಕ, ಅಂದರೆ ಡಿಎಲ್‌ಎನ್‌ಎಯಲ್ಲಿ ಕೊಡುವಾಗ, ಆಗಿಂದಾಗ ಬಿಡಿಸಿ ಕೊಡುತ್ತದೆ. ರಿಮೋಟಿನಿಂದ ಯುಎಸ್‌ಬಿ ಡ್ರೈವಿಗೆ ಕಾಪಿ ಮಾಡುವಾಗಲೂ ಬಿಡಿಸಿ ಬರೆಯುತ್ತದೆ. ಎಚ್‌ಡಿಗೆ ಮಾತ್ರ ಇವೆರಡೂ ನಡೆಯಲ್ಲ. ಫ್ರೀವ್ಯೂನಲ್ಲಿ ಎಚ್‌ಡಿ ಬಂದಾಗ ಪ್ರಸಾರಕರು ಕಾಪಿಗೆ ಕಡಿವಾಣ ಬೇಕು ಅಂದರು, 2010ರಲ್ಲಿ ಇಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಒಪ್ಪಿತು. ಹಾಗಾಗಿ ಎಚ್‌ಡಿ ರೆಕಾರ್ಡಿಂಗ್‌ಗೆ ಒಂದು ಗುರುತು ಅಂಟಿಕೊಂಡು ಬರುತ್ತದೆ, ಅದನ್ನು ನೋಡಿದರೆ ಬಾಕ್ಸ್ ಬೀಗ ತೆಗೆಯದೆ ಹೊರಗೆ ಕೊಡುತ್ತದೆ.

ಈಗ ನಿಮ್ಮ ಮಗಳ ರೆಕಾರ್ಡಿಂಗ್. ಅದು ಎಚ್‌ಡಿ ಇರಬೇಕು ಅಂದಿರಿ. ಇಲ್ಲ ಅಕ್ಕ, ಇರೋಕೆ ಸಾಧ್ಯವೇ ಇಲ್ಲ. 2019ರಲ್ಲಿ ಇಂಗ್ಲೆಂಡಿನಲ್ಲಿ ಬಿಬಿಸಿ ಒನ್ ಎಚ್‌ಡಿಯಲ್ಲಿ ಲೋಕಲ್ ನ್ಯೂಸ್ ಬರುತ್ತಲೇ ಇರಲಿಲ್ಲ. ನೆನಪಿದೆಯಾ, ರಾಷ್ಟ್ರೀಯ ನ್ಯೂಸ್ ಮುಗಿದ ಕೂಡಲೇ, ಲೋಕಲ್ ನ್ಯೂಸಿಗೆ ಬಿಬಿಸಿ ಒನ್‌ಗೆ ಹೋಗಿ ಅಂತ ಒಂದು ಕೆಂಪು ಸ್ಲೈಡ್ ಹಾಕುತ್ತಿದ್ದರು. ಎಚ್‌ಡಿಯಲ್ಲಿ ಪ್ರಾದೇಶಿಕ ನ್ಯೂಸ್ ಬಂದದ್ದು ಇತ್ತೀಚೆಗೆ. ಹಾಗಾಗಿ ನಿಮ್ಮದು ಸಾಮಾನ್ಯ ಚಾನೆಲ್ಲಿನ ರೆಕಾರ್ಡಿಂಗೇ. ಅದಕ್ಕೆ ಯಾವ ಅಡ್ಡಿಯೂ ಇಲ್ಲ.

ಒಂದು ಯುಎಸ್‌ಬಿ ಡ್ರೈವ್ ಹಾಕಿ, ಎಫ್‌ಎಟಿ32 ಫಾರ್ಮ್ಯಾಟಿನದು. ರಿಮೋಟಿನಲ್ಲಿ ಮೀಡಿಯಾ ಒತ್ತಿ, ಆ ರೆಕಾರ್ಡಿಂಗ್ ಮೇಲೆ ಹೋಗಿ ಆಪ್ಟ್ ಪ್ಲಸ್ ಬಟನ್ ಒತ್ತಿದರೆ ಕಾಪಿ ಅನ್ನುವ ಆಯ್ಕೆ ಬರುತ್ತದೆ. ಅರ್ಧ ಗಂಟೆಯ ನ್ಯೂಸ್ ಒಂದು ಜಿಬಿ ಒಳಗೇ ಇರುತ್ತದೆ. ಉದ್ದದ ಸಿನಿಮಾಗಳಿಗೆ ಮಾತ್ರ ಎಫ್‌ಎಟಿ32ರ 4 ಜಿಬಿ ಮಿತಿ ತೊಂದರೆ ಕೊಡುತ್ತದೆ, ಇದಕ್ಕಲ್ಲ. ಎನ್‌ಟಿಎಫ್‌ಎಸ್ ಅನ್ನುವ ಇನ್ನೊಂದು ಫಾರ್ಮ್ಯಾಟಿನ ಡ್ರೈವನ್ನು ಬಾಕ್ಸ್ ಓದುತ್ತದೆ, ಅದಕ್ಕೆ ಬರೆಯುವುದಿಲ್ಲ, ಅದನ್ನು ಹಾಕಿ ಸುಮ್ನೆ ಟೈಮ್ ವೇಸ್ಟ್ ಮಾಡಬೇಡಿ.

ಡ್ರೈವಿನಲ್ಲಿ ಒಂದೇ ಹೆಸರಿನ ಮೂರು ನಾಲ್ಕು ಫೈಲ್ ಕಂಡರೆ ಗಾಬರಿ ಆಗಬೇಡಿ. ದೊಡ್ಡದು, ಟಿಎಸ್ ಅಂತ ಕೊನೆಯಾಗುವುದು ವಿಡಿಯೋ. ಎಚ್‌ಎಂಟಿ ಅನ್ನೋದರಲ್ಲಿ ಕಾರ್ಯಕ್ರಮದ ಹೆಸರು, ಸಮಯ ಇತ್ಯಾದಿ ಇರುತ್ತದೆ, ಎನ್‌ಟಿಎಸ್ ಅನ್ನೋದು ಫಾಸ್ಟ್ ಫಾರ್ವರ್ಡ್ ಮಾಡಲು ಬಾಕ್ಸಿಗೆ ಬೇಕಾದ ಇಂಡೆಕ್ಸ್. ಲ್ಯಾಪ್‌ಟಾಪಿಗೆ ಟಿಎಸ್ ಒಂದೇ ಸಾಕು. ಆದರೆ ಮುಂದೆ ವಾಪಸ್ ಬಾಕ್ಸಿಗೆ ಹಾಕಬೇಕು ಅನ್ನಿಸಿದರೆ ಎಲ್ಲ ಬೇಕು, ಅಳಿಸಬೇಡಿ.

ಕಾವೇರಿ ರೀಡಿಂಗ್

ತಂತಿಮನೆಯವರೇ, ಮಂಜು, ಇಬ್ಬರಿಗೂ ತುಂಬಾ ತುಂಬಾ ಥ್ಯಾಂಕ್ಸ್.

ಮೊದಲು ಯುಎಸ್‌ಬಿ ಕೆಲಸವನ್ನೇ ಮಾಡಿದೆ, ಅದೇ ಮುಖ್ಯ ಇತ್ತು. ಮಂಜು ಹೇಳಿದ್ದು ನಿಜ, ರೆಕಾರ್ಡಿಂಗ್ ಪಟ್ಟಿಯಲ್ಲಿ ಅದಕ್ಕೆ ಎಚ್‌ಡಿ ಗುರುತೇ ಇಲ್ಲ. ಕಾಪಿ ಆಯಿತು, ಲ್ಯಾಪ್‌ಟಾಪಿನಲ್ಲಿ ಪ್ಲೇ ಆಯಿತು. ಎರಡನೇ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವಳು ನಮ್ಮ ಮಗಳು, ಕ್ಯಾಮೆರಾ ಅವಳ ಮೇಲೆ ಬಂದಾಗ ಹಾಡು ಬಿಟ್ಟು ಪಕ್ಕದವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಾಳೆ. ಇದನ್ನು ಮೈಸೂರಿನಲ್ಲಿರುವ ಅತ್ತೆಗೆ ಫೋನಿನಲ್ಲಿ ಕಳಿಸಬೇಕು. ಫೈಲ್ ದೊಡ್ಡದು, ವಾಟ್ಸಾಪ್ ತೆಗೆದುಕೊಳ್ಳುತ್ತಿಲ್ಲ. ಹಾಗೇ, ಮಕ್ಕಳು ತಲೆ ಅಲ್ಲಾಡಿಸಿದಾಗ ಮುಖದ ಅಂಚಿನಲ್ಲಿ ಸಣ್ಣ ಸಣ್ಣ ಅಡ್ಡ ಗೆರೆಗಳು ಕಾಣುತ್ತವೆ, ಟಿವಿಯಲ್ಲಿ ಅದು ಕಾಣುತ್ತಿರಲಿಲ್ಲ. ಕಾಪಿ ಕೆಟ್ಟಿದೆಯಾ?

ರೂಟರಿನ ವಿಷಯ. ನಮ್ಮದರಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇಲ್ಲ. ಹೇಳಿದ ಕ್ರಮದಲ್ಲೇ ವಿಳಾಸ ಬದಲಾಯಿಸಿ, ಡಿಎಚ್‌ಸಿಪಿ ಆಫ್ ಮಾಡಿ, ಕೇಬಲ್ಲನ್ನು ಹಳದಿ ಬಣ್ಣದ ಲ್ಯಾನ್ ಪೋರ್ಟಿಗೆ ಹಾಕಿದೆವು. ಲ್ಯಾಪ್‌ಟಾಪಿಗೆ ಈಗ 192.168.1.71 ಬಂದಿದೆ, ವಿಎಲ್‌ಸಿಯಲ್ಲಿ ರೆಕಾರ್ಡರಿನ ಹೆಸರು ಕಾಣುತ್ತಿದೆ! ಸಾಮಾನ್ಯ ಚಾನೆಲ್ ರೆಕಾರ್ಡಿಂಗ್‌ಗಳು ಮಹಡಿ ಮೇಲೆ ಚೆನ್ನಾಗಿ ಪ್ಲೇ ಆಗುತ್ತಿವೆ. ಎಚ್‌ಡಿ ಆಗುತ್ತಿಲ್ಲ, ಅದು ಮಂಜು ಹೇಳಿದ ಕಾರಣಕ್ಕೇ ಇರಬೇಕು. ಅದಕ್ಕೇನಾದರೂ ದಾರಿ ಇದೆಯಾ? ಮತ್ತೆ, ನಿನ್ನೆ ರಾತ್ರಿ ರೆಕಾರ್ಡ್ ಆದದ್ದು ಪಟ್ಟಿಯಲ್ಲಿ ಇರಲಿಲ್ಲ, ಆಮೇಲೆ ತಾನಾಗಿ ಬಂತು. ಮಧ್ಯೆ ಮಧ್ಯೆ ಚಿತ್ರ ಸ್ವಲ್ಪ ನಿಂತು ನಿಂತು ಹೋಗುತ್ತದೆ.

ಮಂಜು ಸ್ಲೌ

ಕಾಪಿ ಕೆಟ್ಟಿಲ್ಲ ಅಕ್ಕ. ಸಾಮಾನ್ಯ ಚಾನೆಲ್ ಇಲ್ಲಿ 576 ಸಾಲಿನ ಇಂಟರ್‌ಲೇಸ್ ಚಿತ್ರ. ಅಂದರೆ ಒಂದು ಸಲ ಬೆಸ ಸಾಲುಗಳು, ಇನ್ನೊಂದು ಸಲ ಸಮ ಸಾಲುಗಳು. ಟಿವಿ ಅದನ್ನು ತಾನೇ ಸೇರಿಸಿ ತೋರಿಸುತ್ತದೆ, ಕಂಪ್ಯೂಟರಿನಲ್ಲಿ ನಾವು ಹೇಳಬೇಕು. ವಿಎಲ್‌ಸಿಯ ವಿಡಿಯೋ ಮೆನುವಿನಲ್ಲಿ ಡೀಇಂಟರ್‌ಲೇಸ್ ಆನ್ ಮಾಡಿ, ಗೆರೆ ಹೋಗುತ್ತದೆ. ಅತ್ತೆಗೆ ಕಳಿಸಲು ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಪ್ರೋಗ್ರಾಂ ಹಾಕಿಕೊಂಡು, ಅದರಲ್ಲೂ ಡೀಇಂಟರ್‌ಲೇಸ್ ಆನ್ ಇಟ್ಟು, ಶುರು ಮತ್ತು ಕೊನೆಯ ಸಮಯ ಕೊಟ್ಟು ಬೇಕಾದ ಎರಡು ನಿಮಿಷ ಮಾತ್ರ ಎಂಪಿ4 ಮಾಡಿ. ವಾಟ್ಸಾಪಿನಲ್ಲಿ ಆರಾಮಾಗಿ ಹೋಗುತ್ತದೆ. ಮೂಲ ಟಿಎಸ್ ಫೈಲ್ ಮಾತ್ರ ಹಾಗೇ ಇಟ್ಟುಕೊಳ್ಳಿ, ಎರಡು ಜಾಗದಲ್ಲಿ ಇಡಿ.

ಹೊಸ ರೆಕಾರ್ಡಿಂಗ್ ತಡವಾಗಿ ಕಾಣುವುದು ಮಾಮೂಲು. ಬಾಕ್ಸ್ ಬಿಡುವಾದಾಗ ಪಟ್ಟಿ ಹೊಸದು ಮಾಡಿಕೊಳ್ಳುತ್ತದೆ. ಇನ್ನೊಂದು, ಬಾಕ್ಸ್ ಸ್ಟ್ಯಾಂಡ್‌ಬೈಗೆ ಹೋದರೆ ನೆಟ್‌ವರ್ಕಿನಿಂದಲೂ ಮಾಯ. ಮೇಲೆ ಕೂತು ನೋಡುವಾಗ ಕೆಳಗೆ ಅದು ಆನ್ ಇರಲೇಬೇಕು, ಮಕ್ಕಳು ಮಲಗುವಾಗ ಆಫ್ ಮಾಡಿದರೆ ನಿಮ್ಮ ಸಿನಿಮಾನೂ ನಿಲ್ಲುತ್ತದೆ.

ಎಚ್‌ಡಿಗೆ ದಾರಿ ಇದೆ. ಈ ಬಾಕ್ಸಿಗೆ ಅಂತಲೇ ಇಲ್ಲಿನ ಬಳಕೆದಾರರು ಸೇರಿ ಮಾಡಿದ ಕಸ್ಟಮ್ ಫರ್ಮ್‌ವೇರ್, ಅಂದರೆ ಬಾಕ್ಸನ್ನು ನಡೆಸುವ ಸಾಫ್ಟ್‌ವೇರಿನ ಬದಲಾಯಿಸಿದ ರೂಪ, ಸಿಗುತ್ತದೆ, ಪುಕ್ಕಟೆ. ಪೆನ್‌ಡ್ರೈವಿಗೆ ಹಾಕಿ, ಬಾಕ್ಸ್ ಹಿಂದಿನ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಅದು ತಾನೇ ಹತ್ತಿಕೊಳ್ಳುತ್ತದೆ. ಆಮೇಲೆ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ 192.168.1.23 ಅಂತ ಹೊಡೆದರೆ ಬಾಕ್ಸಿನ ಪೇಜ್ ಬರುತ್ತದೆ. ಅಲ್ಲಿಂದಲೇ ರೆಕಾರ್ಡಿಂಗ್ ಹಚ್ಚಬಹುದು, ಹೆಸರು ಬದಲಾಯಿಸಬಹುದು, ಫೋಲ್ಡರ್ ಮಾಡಬಹುದು, ಫೈಲ್ ಇಳಿಸಿಕೊಳ್ಳಬಹುದು. ಮಹಡಿ ಮೇಲೆ ಕೂತಾಗ ನೆನಪಾಗಿ ರೆಕಾರ್ಡ್ ಹಾಕಲು ಕೆಳಗೆ ಓಡುವ ಕಾಟ ತಪ್ಪುತ್ತದೆ. ಈ ಹಳೆ ಬಾಕ್ಸ್ ಇಷ್ಟು ವರ್ಷ ನನ್ನ ಮನೆಯಲ್ಲಿ ಉಳಿದಿರುವುದೇ ಅದರಿಂದ. ಎಚ್‌ಡಿ ಗುರುತು ತೆಗೆಯುವ ಪ್ಯಾಕೇಜೂ ಅದರಲ್ಲಿದೆ.

ತಂತಿಮನೆ

ಮಂಜು, ಫರ್ಮ್‌ವೇರ್ ವಿಷಯದಲ್ಲಿ ಒಂದು ಮಾತು. ಬ್ರೌಸರಿನಿಂದ ರೆಕಾರ್ಡಿಂಗ್ ಹಚ್ಚುವುದು ಒಂದು, ಎಚ್‌ಡಿ ರಕ್ಷಣೆ ತೆಗೆಯುವುದು ಬೇರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಡಿ. ಬ್ರಿಟನ್ನಿನ 1988ರ ಕಾಪಿರೈಟ್ ಕಾಯ್ದೆಯ 70ನೇ ಸೆಕ್ಷನ್ ಪ್ರಕಾರ ಪ್ರಸಾರವಾದದ್ದನ್ನು ಮನೆಯಲ್ಲಿ ಅನುಕೂಲವಾದ ಹೊತ್ತಿನಲ್ಲಿ ನೋಡಲು ರೆಕಾರ್ಡ್ ಮಾಡಿಕೊಳ್ಳಬಹುದು. ಆದರೆ ಅದೇ ಕಾಯ್ದೆ ರಕ್ಷಣೆ ಮುರಿಯುವುದನ್ನು ಬೇರೆಯಾಗಿಯೇ ನೋಡುತ್ತದೆ. ಸ್ವಂತಕ್ಕೆ ಕಾಪಿ ಮಾಡಿಕೊಳ್ಳಬಹುದು ಅಂತ 2014ರಲ್ಲಿ ಒಂದು ವಿನಾಯಿತಿ ತಂದಿದ್ದರು, 2015ರಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕಾವೇರಿಯವರು ತಿಳಿದು ತೀರ್ಮಾನ ಮಾಡಲಿ ಅಂತ ಹೇಳುತ್ತಿದ್ದೇನೆ.

ನನ್ನ ಸಲಹೆ ಇದು. ಮುಖ್ಯ ಚಾನೆಲ್‌ಗಳ ಕಾರ್ಯಕ್ರಮ ಎಚ್‌ಡಿಯಲ್ಲೂ ಸಾಮಾನ್ಯ ಚಾನೆಲ್ಲಿನಲ್ಲೂ ಒಟ್ಟಿಗೇ ಬರುತ್ತದೆ ತಾನೇ? ಮಹಡಿ ಮೇಲೆ ನೋಡಬೇಕಾದದ್ದನ್ನು ಸಾಮಾನ್ಯ ಚಾನೆಲ್ಲಿನಿಂದ ರೆಕಾರ್ಡ್ ಮಾಡಿ, ಹಾಲ್‌ನ ದೊಡ್ಡ ಟಿವಿಗೆ ಎಚ್‌ಡಿ ಇಟ್ಟುಕೊಳ್ಳಿ. ಲ್ಯಾಪ್‌ಟಾಪಿನ ಸಣ್ಣ ಪರದೆಯಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ. ಡಿಸ್ಕಿನಲ್ಲಿ ಜಾಗವೂ ಉಳಿಯುತ್ತದೆ.

ನಿಂತು ನಿಂತು ಹೋಗುವುದಕ್ಕೆ ಪವರ್‌ಲೈನ್ ಅಡಾಪ್ಟರ್ ಮೇಲೆ ನನಗೆ ಅನುಮಾನ. ಟಿವಿ ಹಿಂದೆ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಇರುತ್ತದೆ, ಅದರಲ್ಲಿ ಟಿವಿ, ರೆಕಾರ್ಡರ್, ಚಾರ್ಜರ್‌ಗಳ ಮಧ್ಯೆ ಇದನ್ನೂ ಸಿಕ್ಕಿಸಿರುತ್ತಾರೆ. ಅಲ್ಲಿಂದ ತೆಗೆದು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ. ಸರ್ಜ್ ತಡೆಯುವ ಬೋರ್ಡ್‌ಗಳು ಈ ಅಡಾಪ್ಟರಿನ ಸಿಗ್ನಲ್ಲನ್ನೂ ತಿಂದುಹಾಕುತ್ತವೆ, ಫೋನ್ ಚಾರ್ಜರ್‌ಗಳು ಗದ್ದಲ ಸೇರಿಸುತ್ತವೆ. ಡಬ್ಬದ ಮೇಲೆ 500, 600 ಮೆಗಾಬಿಟ್ ಅಂತ ಏನೇ ಬರೆದಿರಲಿ, ಸಿಗುವುದು ಅದರ ಒಂದು ಭಾಗ ಮಾತ್ರ. ಆದರೂ ಸಾಮಾನ್ಯ ಚಾನೆಲ್ಲಿನ ರೆಕಾರ್ಡಿಂಗ್‌ಗೆ ಸೆಕೆಂಡಿಗೆ ಕೆಲವೇ ಮೆಗಾಬಿಟ್ ಸಾಕು, ಬಾಕ್ಸಿನ ಲ್ಯಾನ್ ಪೋರ್ಟೂ 100 ಮೆಗಾಬಿಟ್ಟಿನದೇ. ಪತ್ತೆ ಹಚ್ಚುವುದು ಸುಲಭ. ಲ್ಯಾಪ್‌ಟಾಪನ್ನು ಒಂದು ಸಂಜೆ ಕೆಳಗಿನ ರೂಟರಿಗೆ ಕೇಬಲ್ಲಿನಲ್ಲಿ ಹಾಕಿ ನೋಡಿ. ಆಗಲೂ ನಿಂತರೆ ಪವರ್‌ಲೈನ್, ನಿಲ್ಲದಿದ್ದರೆ ಮಹಡಿ ಮೇಲಿನ ವೈಫೈ.

ಕಸ್ಟಮ್ ಫರ್ಮ್‌ವೇರ್ ಹಾಕಿಕೊಳ್ಳುವವರು ಇನ್ನೊಂದು ಗಮನಿಸಿ. ಇಂಥ ಹಳೆ ಬಾಕ್ಸ್‌ಗಳ ಫೋಲ್ಡರನ್ನು ವಿಂಡೋಸ್‌ನಲ್ಲಿ ನೇರವಾಗಿ ತೆರೆಯಲು ಹೋದರೆ ಎಷ್ಟೋ ಸಲ ಆಗುವುದಿಲ್ಲ. ಅವುಗಳಿಗೆ ಸಾಮಾನ್ಯವಾಗಿ ಗೊತ್ತಿರುವುದು ಫೋಲ್ಡರ್ ಹಂಚಿಕೊಳ್ಳುವ ಹಳೆಯ ವಿಧಾನವಾದ ಎಸ್‌ಎಂಬಿ1, ವಿಂಡೋಸ್ 10ರಲ್ಲಿ 2017ರ ಕೊನೆಯಿಂದ ಅದು ಹೊಸದಾಗಿ ಹಾಕಿದಾಗ ಇರುವುದಿಲ್ಲ. ನೆಟ್ಟಿನಲ್ಲಿ ಅದನ್ನು ಮತ್ತೆ ಆನ್ ಮಾಡಿ ಅಂತ ಹೇಳುವವರು ಸಿಗುತ್ತಾರೆ. ಮಾಡಬೇಡಿ, ಅದೇ ವರ್ಷ ಮೇ ತಿಂಗಳಲ್ಲಿ ವಾನಾಕ್ರೈ ವೈರಸ್ ಹರಡಿದ್ದು ಅದೇ ಬಾಗಿಲಿನಿಂದ. ಬ್ರೌಸರ್ ಅಥವಾ ಎಫ್‌ಟಿಪಿ ಸಾಕು. ಹಾಗೆಯೇ ಹೊರಗಿನಿಂದ ನೋಡಬೇಕು ಅಂತ ರೂಟರಿನಲ್ಲಿ ಈ ಬಾಕ್ಸಿಗೆ ಪೋರ್ಟ್ ತೆರೆಯಬೇಡಿ. ಎಫ್‌ಟಿಪಿಯ ಪಾಸ್‌ವರ್ಡ್ ಬಾಕ್ಸಿನ ಪಿನ್ ನಂಬರ್, ಬದಲಾಯಿಸದಿದ್ದರೆ ಅದು ನಾಲ್ಕು ಸೊನ್ನೆ.

ಕಾವೇರಿ ರೀಡಿಂಗ್

ಪವರ್‌ಲೈನ್ ಎಕ್ಸ್‌ಟೆನ್ಶನ್ ಬೋರ್ಡಿನಲ್ಲೇ ಇತ್ತು, ಹೇಗೆ ಗೊತ್ತಾಯಿತು ನಿಮಗೆ! ಗೋಡೆಗೆ ಹಾಕಿದ ಮೇಲೆ ನಿಲ್ಲುತ್ತಿಲ್ಲ. ಎಚ್‌ಡಿ ವಿಷಯದಲ್ಲಿ ನಿಮ್ಮ ಸಲಹೆಯೇ ನನಗೆ ಇಷ್ಟವಾಯಿತು, ಮಹಡಿಗೆ ಸಾಮಾನ್ಯ ಚಾನೆಲ್, ಹಾಲ್‌ಗೆ ಎಚ್‌ಡಿ. ಪಿನ್ ಸಹ ಬದಲಾಯಿಸಿದ್ದೇನೆ.

ಧಾರವಾಡದವ

ಎಲ್ಲ ಓದಿದೆ, ಭಾಳ ಉಪಯೋಗ ಆಯಿತು. ನನ್ನದೊಂದು ಪ್ರಶ್ನೆ. ನಮ್ಮ ಮನೆಯಲ್ಲಿ ದುಡ್ಡು ಕಟ್ಟುವ ಡಿಟಿಎಚ್ ಇದೆ. ಸೆಟ್‌ಟಾಪ್ ಬಾಕ್ಸಿಗೆ ಪೆನ್‌ಡ್ರೈವ್ ಹಾಕಿದರೆ ರೆಕಾರ್ಡ್ ಆಗುತ್ತದೆ, ಆದರೆ ಕಂಪ್ಯೂಟರಿಗೆ ಹಾಕಿದರೆ ಪ್ಲೇ ಆಗುವುದಿಲ್ಲ. ಲ್ಯಾನ್ ಪೋರ್ಟ್ ಇಲ್ಲ. ಅಪ್ಪನಿಗೆ ಚಂದನದಲ್ಲಿ ಬರುವ ಸಂಗೀತ, ಕೃಷಿ ಕಾರ್ಯಕ್ರಮ ಬೇಕು. ಅವು ಬರುವ ಹೊತ್ತಿಗೆ ಅವರು ಹೊಲದಲ್ಲಿ ಇರುತ್ತಾರೆ. ಕಾವೇರಿ ಅಕ್ಕನ ಹಾಗೆ ಮನೆಯಲ್ಲಿ ಯಾವ ರೂಮಿನಲ್ಲಾದರೂ ಮೊಬೈಲಿನಲ್ಲಿ ನೋಡುವ ಹಾಗೆ ಮಾಡಬಹುದಾ?

ತಂತಿಮನೆ

ಆ ಪೆನ್‌ಡ್ರೈವನ್ನು ಮರೆತುಬಿಡಿ. ದುಡ್ಡು ಕಟ್ಟುವ ಡಿಟಿಎಚ್ ರೆಕಾರ್ಡಿಂಗ್ ಆ ಬಾಕ್ಸಿಗೇ ಕಟ್ಟಿಹಾಕಿದ್ದು, ಬೇರೆಲ್ಲೂ ತೆರೆಯಲಿ ಅಂತ ಮಾಡಿಲ್ಲ. ಆದರೆ ನಿಮಗೆ ಬೇಕಾದದ್ದು ಚಂದನ ಆದ್ದರಿಂದ ಕೆಲಸ ಸುಲಭ. ದೂರದರ್ಶನದ ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ಸೇರಿ ಹಲವು ಚಾನೆಲ್‌ಗಳು ಬೀಗ ಇಲ್ಲದೆ ಬರುತ್ತವೆ, ತಿಂಗಳ ಬಾಡಿಗೆಯೂ ಇಲ್ಲ. ಡಿಶ್ಶನ್ನು ಜಿಸ್ಯಾಟ್ 15 ಉಪಗ್ರಹದ ಕಡೆ, ಅಂದರೆ 93.5 ಡಿಗ್ರಿ ಪೂರ್ವಕ್ಕೆ ತಿರುಗಿಸಬೇಕು, ಊರಿನ ಡಿಶ್ ಹಾಕುವವರಿಗೆ ಫ್ರೀ ಡಿಶ್ ಅಂದರೆ ಸಾಕು.

ಸೆಟ್‌ಟಾಪ್ ಬಾಕ್ಸ್ ಬದಲು ಉಪಗ್ರಹ ಟಿವಿ ಹಿಡಿಯುವ ಡಿವಿಬಿ ಎಸ್2 ಟ್ಯೂನರ್ ಒಂದನ್ನು ಯುಎಸ್‌ಬಿಯಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಸಣ್ಣ ಕಂಪ್ಯೂಟರಿಗೆ ಅಥವಾ ಹಳೆ ಕಂಪ್ಯೂಟರಿಗೆ ಹಾಕಿ, ಅದರಲ್ಲಿ ಲಿನಕ್ಸ್ ಮತ್ತು ಟಿವಿಹೆಡೆಂಡ್ ಅನ್ನುವ ಉಚಿತ ಪ್ರೋಗ್ರಾಂ ಹಾಕಿ. ಮನೆಯ ರೂಟರಿಗೆ ಕೇಬಲ್ಲಿನಲ್ಲಿ ಸೇರಿಸಿ. ಬ್ರೌಸರಿನಲ್ಲಿ ಆ ಯಂತ್ರದ ವಿಳಾಸದ ಕೊನೆಗೆ ಕೋಲನ್ ಹಾಕಿ 9981 ಪೋರ್ಟ್ ಕೊಟ್ಟರೆ ಅದರ ಪೇಜ್ ಬರುತ್ತದೆ, ರೆಕಾರ್ಡಿಂಗ್ ಅಲ್ಲಿಂದಲೇ ಹಚ್ಚಬಹುದು. ಸಣ್ಣ ಪೈ ಇಷ್ಟೆಲ್ಲ ತಡೆದುಕೊಳ್ಳುತ್ತಾ ಅಂತ ಕೇಳುತ್ತಾರೆ. ತಡೆದುಕೊಳ್ಳುತ್ತದೆ, ಯಾಕಂದ್ರೆ ಅದು ಚಿತ್ರವನ್ನು ಬಿಡಿಸುವುದೂ ಇಲ್ಲ, ಬದಲಾಯಿಸುವುದೂ ಇಲ್ಲ, ಆಕಾಶದಿಂದ ಬಂದದ್ದನ್ನು ಹಾಗೇ ಡಿಸ್ಕಿಗೆ ಬರೆಯುತ್ತದೆ ಅಷ್ಟೇ. ಮೊಬೈಲಿನಲ್ಲಿ ವಿಎಲ್‌ಸಿ ಅಥವಾ ಕೋಡಿ ಹಾಕಿದರೆ ಅಪ್ಪ ಜಗಲಿಯಲ್ಲಿ ಕೂತೇ ನೋಡಬಹುದು. ರೆಕಾರ್ಡಿಂಗ್‌ಗೆ ಮೆಮೊರಿ ಕಾರ್ಡ್ ಬೇಡ, ಸತತ ಬರೆದು ಬೇಗ ಸಾಯುತ್ತದೆ, ಬೇರೆ ಹಾರ್ಡ್‌ಡಿಸ್ಕ್ ಕೊಡಿ.

ಟ್ಯೂನರ್ ಕೊಳ್ಳುವ ಮೊದಲು ಅದಕ್ಕೆ ಲಿನಕ್ಸ್ ಡ್ರೈವರ್ ಇದೆಯಾ ಅಂತ ಮಾಡೆಲ್ ನಂಬರ್ ಹಿಡಿದು ನೋಡಿ, ಡಬ್ಬದ ಮೇಲೆ ವಿಂಡೋಸ್ ಅಂತ ಮಾತ್ರ ಇದ್ದರೆ ಎಚ್ಚರ. ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಕರೆಂಟ್ ಕೊಡಬೇಕಾದದ್ದು ಟ್ಯೂನರೇ, 13 ಅಥವಾ 18 ವೋಲ್ಟ್. ಯುಎಸ್‌ಬಿ 5 ವೋಲ್ಟಿನಿಂದ ಅದು ಸುಲಭವಲ್ಲ, ಹಾಗಾಗಿ ಬೇರೆ ಅಡಾಪ್ಟರ್ ಜೊತೆ ಬರುವ ಟ್ಯೂನರನ್ನೇ ತಗೊಳ್ಳಿ. ಹಾಲ್‌ನ ಟಿವಿಗೂ ಫ್ರೀ ಡಿಶ್ ಬೇಕು ಅನ್ನಿಸಿದರೆ ಒಂದೇ ಕೇಬಲ್ಲನ್ನು ಅಗ್ಗದ ಸ್ಪ್ಲಿಟ್ಟರಿನಲ್ಲಿ ಎರಡು ಮಾಡಬೇಡಿ, ಎರಡೂ ಕಡೆಯಿಂದ ಬೇರೆ ಬೇರೆ ವೋಲ್ಟ್ ಹೋದರೆ ಒಂದು ಕಡೆ ಚಾನೆಲ್ ಹೋಗುತ್ತದೆ. ಎರಡು ಬಾಯಿಯ ಎಲ್‌ಎನ್‌ಬಿ ಕೇಳಿ ಹಾಕಿಸಿ, ಎರಡು ಕೇಬಲ್ ಎಳೆಸಿ.